ತಾರಸಿಯ ಮೇಲೊಂದು ಗುಂಡ್ಲುಪೇಟೆ

ರಾಮಕೃಷ್ಣಪುರಂ ಎಂದು ಪೂರ್ತಿ ಹೆಸರು ಹೇಳಿದರೆ ಊರಿನವರು ಇದು ಯಾವುದೋ ನದೀತೀರದ ಅಗ್ರಹಾರವೆಂದೇ ತಿಳಿದುಬಿಡುತ್ತಾರೆ. ದಿಲ್ಲಿಯವರ ಬಾಯಲ್ಲಿ ಅದು ಬರಿಯ ಆರ್.ಕೆ. ಪುರಂ. ಇಲ್ಲಿ ಸರ್ಕಾರಿ ಮನೆಗಳಿವೆ, ಸರ್ಕಾರಿ ಬೇವಿನ ಮರಗಳಿವೆ, ಯಾವ ಸರ್ಕಾರದ ಅಪ್ಪಣೆಗೂ ಕಾಯದ ಕೋತಿಗಳಿವೆ. ಗುಡ್ಡದ ಮೇಲೆ ಮಲೈ ಮಂದಿರವಿದೆ. ರಾವ್ ತುಲಾರಾಮ್ ಮಾರ್ಗದಲ್ಲಿ ದಿಲ್ಲಿ ಕರ್ನಾಟಕ ಸಂಘದ ಕಟ್ಟಡವಿದೆ. ಆದುದರಿಂದ ನಾಲ್ಕು ಮಾತು ಕನ್ನಡ ಕೇಳಬೇಕೆನಿಸಿದಾಗ ದೂರ ಹೋಗುವ ಕಷ್ಟ ನಮಗಿಲ್ಲ. ನಮ್ಮ ಮನೆ ಮೇಲಿನ ಅಂತಸ್ತಿನಲ್ಲಿದೆ. ಬೇಸಿಗೆಯಲ್ಲಿ ಕೆಳಗಿನ ಮನೆಯವರಿಗಿಂತ ಹೆಚ್ಚು ಬೇಯುತ್ತೇವೆ. ಅದಕ್ಕೆ ಪರಿಹಾರವೋ ಎಂಬಂತೆ ತಾರಸಿಯ ಬಾಗಿಲು ನಮ್ಮ ಮೆಟ್ಟಿಲಿನ ತುದಿಯಲ್ಲೇ ಇದೆ.

ಆ ತಾರಸಿಯ ಕಥೆಯನ್ನೇ ಈಗ ಹೇಳಹೊರಟಿದ್ದೇವೆ. ‘ನಾವು’ ಎನ್ನುವುದರಲ್ಲಿ ಸಂಪಾದಕರ ಗತ್ತೇನೂ ಇಲ್ಲವೆಂದು ವಾಚಕರು ದಯವಿಟ್ಟು ತಿಳಿಯಬೇಕು. ಕೇಂದ್ರ ಸರ್ಕಾರದ ಕಚೇರಿಯೊಂದರ ಗುಮಾಸ್ತನಿಗೆ ಗತ್ತು ಎಲ್ಲಿಂದ ಬರಬೇಕು? ಈ ಕೆಲಸದಲ್ಲಿ ನಮ್ಮಾಕೆ, ಒಂಬತ್ತು ವರ್ಷದ ಮಗಳು, ಎಪ್ಪತ್ತು ವರ್ಷದ ನಮ್ಮ ತಂದೆ ಎಲ್ಲರೂ ಸೇರಿದ್ದರು. ತಪ್ಪುಗಳು ಮಾತ್ರ ಬಹುಪಾಲು ನಮ್ಮವೇ.

ತಂದೆಯವರನ್ನು ದಿಲ್ಲಿಗೆ ಕರೆತಂದದ್ದು 2023ರ ಜೂನ್ ತಿಂಗಳಲ್ಲಿ. ಅದರ ಹಿಂದಿನ ಡಿಸೆಂಬರಿನಲ್ಲಿ ನಮ್ಮ ತಾಯಿ ತೀರಿಕೊಂಡರು. ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯ ಮನೆಯಲ್ಲಿ ತಂದೆಯವರು ಆರು ತಿಂಗಳು ಒಬ್ಬರೇ ಇದ್ದರು. ಅಂಗಳದಲ್ಲಿ ನಿಂತರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಕಾಣುವ ಮನೆ ಅದು. ತಮ್ಮಷ್ಟಕ್ಕೆ ತಾವು ಅನ್ನ ಬೇಯಿಸಿಕೊಳ್ಳುತ್ತಿದ್ದಾರೆಂದು ನಾವು ನಂಬಿದ್ದೆವು; ಬೇಯಿಸಿಕೊಳ್ಳುತ್ತಿಲ್ಲವೆಂದು ಪಕ್ಕದ ಮನೆಯವರು ಫೋನು ಮಾಡಿ ತಿಳಿಸಿದರು. ಮೂರು ಎಕರೆ ಹೊಲವನ್ನು ಗುತ್ತಿಗೆಗೆ ಕೊಟ್ಟು, ಹಸುವನ್ನು ಮಾರಿ, ಅವರನ್ನು ಹೊರಡಿಸಿದ್ದಾಯಿತು.

ಮೈಸೂರಿನಿಂದ ಊಟಿಗೋ ಕೇರಳಕ್ಕೋ ಹೋಗಿಬಂದವರಿಗೆ ಆ ಕಡೆಯ ಸೂರ್ಯಕಾಂತಿ ಹೊಲಗಳು ಗೊತ್ತು. ಏಪ್ರಿಲ್-ಮೇ ತಿಂಗಳ ಮೊದಲ ಮಳೆಗೆ ಬಿತ್ತಿದ ಬೆಳೆ ಜೂನ್-ಜುಲೈನಲ್ಲಿ ಹೂವಾಗುತ್ತದೆ. ರಸ್ತೆಯ ಎರಡೂ ಪಕ್ಕ ಅರಿಸಿನ ಚೆಲ್ಲಿದಂತೆ ಕಾಣುತ್ತದೆ. ಪ್ರವಾಸಿಗರು ಕಾರು ನಿಲ್ಲಿಸಿ ಹೊಲಕ್ಕಿಳಿದು ಚಿತ್ರ ತೆಗೆಸಿಕೊಳ್ಳುತ್ತಾರೆ. ಗಿಡ ತುಳಿದು ಹಾಳಾಗುವುದೆಂದು ಹೊಲದವರು ತಲೆಗೆ ಇಷ್ಟೆಂದು ಕಾಸು ವಸೂಲು ಮಾಡುತ್ತಾರೆ. ನಾವು ಹೊರಟ ದಿನವೂ ಒಂದು ಹೊಲದ ಮುಂದೆ ಕಾರುಗಳ ಸಾಲಿತ್ತು. ತಂದೆಯವರು ಕಿಟಕಿಯಿಂದ ನೋಡಿ, “ಇಪ್ಪತ್ ರೂಪಾಯ್ ಕೊಟ್ಟು ಹೂ ನೋಡೋ ಕಾಲ ಬಂತಲ್ಲಪ್ಪಾ” ಎಂದರು. ಆಮೇಲೆ ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿಯಲ್ಲಿ ಇಳಿಯುವವರೆಗೆ, ನೀರು ಬೇಕು, ಚಹಾ ಬೇಡ ಎಂಬೆರಡು ಮಾತು ಬಿಟ್ಟರೆ ಬೇರೆ ಮಾತಿಲ್ಲ.

ನಿಜಕ್ಕೂ ಆ ಹೂವು ಗುಂಡ್ಲುಪೇಟೆಗೂ ಹೊಸಬನೇ. ಅದರ ತವರು ಉತ್ತರ ಅಮೆರಿಕ. ರಷ್ಯದವರು ಅದನ್ನು ಎಣ್ಣೆಯ ಬೆಳೆಯಾಗಿ ತಿದ್ದಿದರು. 1969ರಲ್ಲಿ ಸೋವಿಯತ್ ದೇಶದ ತಳಿಗಳು ಭಾರತಕ್ಕೆ ಬಂದವು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿ.ಎಸ್.ಎಚ್.-1 ಎಂಬ ಹೈಬ್ರಿಡ್ ತಳಿಯನ್ನು ಬಿಡುಗಡೆ ಮಾಡಿತು. ಸೂರ್ಯಕಾಂತಿಯಲ್ಲಿ ದೇಶಕ್ಕೆ ಅದೇ ಮೊದಲನೆಯದು. ತಂದೆಯವರು ಹುಡುಗರಾಗಿದ್ದಾಗ ನಮ್ಮ ಹೊಲದಲ್ಲಿ ರಾಗಿ, ಜೋಳ, ಹುರುಳಿ ಬಿಟ್ಟರೆ ಬೇರೆ ಇರಲಿಲ್ಲವಂತೆ. ಪರದೇಶದ ಈ ಹೂವನ್ನು ತಮ್ಮ ಕಣ್ಣೆದುರಿಗೇ ಊರಿನದಾಗಿಸಿಕೊಂಡವರು ಅವರು. ದಿಲ್ಲಿಯನ್ನು ಮಾತ್ರ ತಮ್ಮದಾಗಿಸಿಕೊಳ್ಳುವ ಇರಾದೆ ಅವರಿಗಿರಲಿಲ್ಲ. ಹಿಂದಿ ಬಾರದು, ಕಲಿಯುವ ಮನಸ್ಸಿಲ್ಲ. ಬೆಳಗಿನಿಂದ ಸಂಜೆಯ ತನಕ ಕುರ್ಚಿಯಲ್ಲಿ ಕುಳಿತು, ಪಾಲಂ ಕಡೆಗೆ ಇಳಿಯುವ ವಿಮಾನಗಳನ್ನು ನೋಡುತ್ತಿದ್ದರು. ಭಾನುವಾರ ಬಂತೆಂದರೆ ಒಂದೇ ಪ್ರಶ್ನೆ: “ಟಿಕೀಟು ಮಾಡ್ಸಿದ್ಯಾ?” ಮುಂದಿನ ತಿಂಗಳು ನೋಡೋಣವೆಂದು ನಾವು ಕಚೇರಿಯಲ್ಲಿ ಕಲಿತ ವಿದ್ಯೆಯನ್ನೇ ಪ್ರಯೋಗಿಸುತ್ತಿದ್ದೆವು.

ಅವರ ಪೆಟ್ಟಿಗೆಯನ್ನು ಒಗೆಯುವ ಬಟ್ಟೆಗಾಗಿ ತೆರೆದಾಗ ನಮ್ಮಾಕೆಗೆ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಅದರಲ್ಲಿ ಬೂದಿ ಬೆರೆಸಿದ ಸೂರ್ಯಕಾಂತಿ ಬೀಜ. 2022ರ ಆಗಸ್ಟಿನ ಒಕ್ಕಣೆಯಲ್ಲಿ ನಮ್ಮ ತಾಯಿ ತೂರಿ, ಕೇರಿ, ಒಣಗಿಸಿ ಇಟ್ಟದ್ದು. ಎಣಿಸಿದರೆ ಸರಿಯಾಗಿ ನಲವತ್ತು. “ಬಿತ್ತೋಕಲ್ಲ ಕವ್ವ, ಸುಮ್ನೆ ತಂದೆ” ಎಂದು ತಂದೆಯವರು ಡಬ್ಬಿಯನ್ನು ತಿರುಗಿ ಪೆಟ್ಟಿಗೆಯಲ್ಲಿಟ್ಟರು. ಮನಸ್ಸಿಗೆ ಹಗುರವಾಗಲೆಂದು ಅವನ್ನು ಕುಂಡದಲ್ಲಿ ಬಿತ್ತುವ ಯೋಚನೆ ಮಾಡಿದವರು ನಾವು. ಅವರು ಬೇಡವೆನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ.

ಹನ್ನೆರಡು ಅಂಗುಲದ ಹನ್ನೆರಡು ಮಣ್ಣಿನ ಕುಂಡ ತಂದೆವು. ಯಮುನೆಯ ಕಡೆಯ ಮರಳುಮಿಶ್ರ ಮಣ್ಣನ್ನು ಚೀಲದಲ್ಲಿ ತಂದೆವು. ಸಗಣಿ ಗೊಬ್ಬರ ಕೊಟ್ಟವನು ಇದು ವರ್ಷದ ಹಳೆಯ ಮಾಲು ಎಂದ. ಚೀಲದೊಳಗೆ ಕೈಹಾಕಿದರೆ ಬೆಚ್ಚಗಿತ್ತು. ಚೆನ್ನಾಗಿ ಕಳಿತ ಗೊಬ್ಬರ ತಣ್ಣಗಿರಬೇಕು, ಮಣ್ಣಿನ ವಾಸನೆ ಬರಬೇಕು, ಹಿಡಿದರೆ ಪುಡಿಯಾಗಬೇಕು. ಬೆಚ್ಚಗಿದ್ದರೆ ಒಳಗೆ ಇನ್ನೂ ಕೊಳೆಯುತ್ತಿದೆ ಎಂದರ್ಥ. ಹುಳುಗಳಿಗೆ ಅಂಥದೇ ಇಷ್ಟ. ಇದು ನಮಗೆ ಆಮೇಲೆ ತಿಳಿದದ್ದು. ಆಗ ತಾಜಾ ಇದೆಯೆಂದು ಸಂತೋಷಪಟ್ಟೆವು. ಜೂನ್ ಕೊನೆಯಲ್ಲಿ ಕುಂಡಕ್ಕೆ ಎರಡರಂತೆ ಇಪ್ಪತ್ತನಾಲ್ಕು ಬೀಜ ಊರಿದೆವು.

ಆ ವರ್ಷದ ದಿಲ್ಲಿಯ ಮಳೆಯನ್ನು ಇಲ್ಲಿದ್ದವರಾರೂ ಮರೆತಿರಲಾರರು. ಜುಲೈ 9ರ ಬೆಳಿಗ್ಗೆಗೆ ಮುಗಿದ ಒಂದೇ ದಿನದಲ್ಲಿ 153 ಮಿಲಿಮೀಟರು ಸುರಿಯಿತು. 13ರಂದು ಯಮುನೆ 208.66 ಮೀಟರಿಗೆ ಏರಿ ಹಿಂದಿನ ದಾಖಲೆಗಳನ್ನೆಲ್ಲ ಮುಳುಗಿಸಿತು. ನದಿಯ ಬಳಿಯ ಜನರು ಮನೆ ಬಿಟ್ಟು ರಸ್ತೆಗೆ ಬಂದಿರುವಾಗ ತಾರಸಿಯ ಕುಂಡಗಳ ಮಾತೆತ್ತುವುದು ನಾಚಿಕೆಯ ವಿಷಯ. ಆದರೂ ನಮ್ಮ ಕಥೆ ನಡೆದದ್ದು ಅಂದೇ. ಹನ್ನೆರಡು ಕುಂಡಗಳೂ ತುಂಬಿದ ಕೊಡಗಳಾಗಿ ನಿಂತಿದ್ದವು. ಮಣ್ಣು ಸೋರಿಹೋಗದಿರಲೆಂದು ತಳದ ತೂತಿನ ಮೇಲೆ ನಾವು ಇಟ್ಟಿದ್ದ ಹೆಂಚಿನ ಚೂರುಗಳು ಮುಚ್ಚಳದಂತೆ ಕೂತುಬಿಟ್ಟಿದ್ದವು. ನಾವು ಕೊಡೆ ಹುಡುಕುವಷ್ಟರಲ್ಲಿ ತಂದೆಯವರು ತಲೆಯ ಮೇಲೆ ಟವಲು ಹಾಕಿಕೊಂಡು ತಾರಸಿಗೆ ಹೋಗಿ, ಒಂದೊಂದೇ ಕುಂಡವನ್ನು ಓರೆಮಾಡಿ, ಕಡ್ಡಿಯಿಂದ ತೂತು ಚುಚ್ಚುತ್ತಿದ್ದರು. “ಬೇರೂ ಉಸ್ರಾಡ್ಬೇಕು ಕಣ್ಲಾ. ಬಿ.ಎ.ಲಿ ಇದ ಹೇಳ್ಕೊಡ್ಲಿಲ್ವಾ?” ಬೊಗುಣಿಯಂತೆ ಬಾಗಿದ ಚೂರನ್ನು ಕವುಚಿ ಇಟ್ಟರೆ ನೀರು ಹೋಗುತ್ತದೆ, ಮಣ್ಣು ಉಳಿಯುತ್ತದೆ. ಇಪ್ಪತ್ತನಾಲ್ಕರಲ್ಲಿ ಹದಿನೇಳು ಸಸಿ ಉಳಿದವು.

ಆಗಸ್ಟ್ ಮಧ್ಯದ ಹೊತ್ತಿಗೆ ಗಿಡಗಳು ಸೊಂಟದೆತ್ತರ ಬಂದು ಮೊಗ್ಗು ಹಿಡಿದವು. ನಮ್ಮ ಉತ್ಸಾಹ ಹೇಳತೀರದು. ಒಂದು ಮಧ್ಯಾಹ್ನ ಒಂದು ಗಿಡ ಬಾಡಿತು. ಸಂಜೆಗೆ ತಲೆಯೆತ್ತಿತು. ಮರುದಿನ ಬಾಡಿದ್ದು ಏಳಲಿಲ್ಲ. ಬಾಯಾರಿಕೆ ಇರಬೇಕೆಂದು ನೀರು ಹಾಕಿದೆವು, ಇನ್ನೆರಡು ಬಾಡಿದವು, ಇನ್ನಷ್ಟು ನೀರು ಹಾಕಿದೆವು. ಕುಂಡದ ಮಣ್ಣು ಒದ್ದೆಯಿದ್ದೂ ಗಿಡ ಬಾಡಿದರೆ ದೋಷ ನೀರಿನದಲ್ಲ, ಬೇರಿನದು ಎಂಬ ಒಂದು ಮಾತನ್ನು ಕುಂಡದ ಗಿಡ ಸಾಕುವ ಸೋದರ ಸೋದರಿಯರು ನಮ್ಮಿಂದ ಉಚಿತವಾಗಿ ತೆಗೆದುಕೊಳ್ಳಬಹುದು. ನಾವು ಅದಕ್ಕೆ ಬೆಲೆ ಕೊಟ್ಟಿದ್ದೇವೆ.

ತಂದೆಯವರು ಬಂದು ಬಾಡಿದ ಗಿಡವನ್ನು ಎರಡು ಬೆರಳಿನಲ್ಲಿ ಹಿಡಿದೆತ್ತಿದರು. ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಕೆಳಗೆ ಬೇರೇ ಇಲ್ಲ. ಪೆನ್ಸಿಲಿನ ತುದಿಯಂಥ ಒಂದು ಮೋಟು. ಕುಂಡವನ್ನು ಹಳೆಯ ಪತ್ರಿಕೆಯ ಮೇಲೆ ಬೋರಲು ಹಾಕಿದರು. ಮಣ್ಣಿನ ನಡುವೆ ಬೆಳ್ಳಗೆ, ಕೊಬ್ಬಿದ, ಕಂದುತಲೆಯ ಹುಳುಗಳು ಅರ್ಧಚಂದ್ರದಂತೆ ಮುದುಡಿ ಮಲಗಿದ್ದವು. ಒಂದು ಕುಂಡದಲ್ಲಿ ಹನ್ನೊಂದು. “ಗೊಣ್ಣೆ ಉಳ” ಎಂದರು ತಂದೆಯವರು. ಹಳೆಯ ಪರಿಚಯಸ್ಥರನ್ನು ದೂರದೂರಿನಲ್ಲಿ ಕಂಡವರ ದನಿಯಲ್ಲಿ.

ಆ ಸಂಜೆ ಅವರು ಆಡಿದಷ್ಟು ಮಾತನ್ನು ಎರಡು ತಿಂಗಳಲ್ಲಿ ಆಡಿರಲಿಲ್ಲ. ಮೊದಲ ಜೋರುಮಳೆ ಬಿದ್ದ ಸಂಜೆ ಕಂದುಬಣ್ಣದ ದುಂಬಿಗಳು ನೆಲದಿಂದ ಎದ್ದುಬರುತ್ತವೆ. ಬೇವಿನ ಮರಕ್ಕೋ ಜಾಲಿಗೋ ಹೋಗಿ ರಾತ್ರಿಯೆಲ್ಲ ಎಲೆ ತಿಂದು, ನಸುಕಿಗೆ ಮಣ್ಣಿಗೆ ಮರಳಿ ಮೊಟ್ಟೆಯಿಡುತ್ತವೆ. ಮರಿಹುಳು ಮೊದಲು ಗೊಬ್ಬರವನ್ನೂ ಎಳೆಬೇರನ್ನೂ, ಬಲಿತ ಮೇಲೆ ತಾಯಿಬೇರನ್ನೂ ಮೇಯುತ್ತದೆ. ಮಳೆಗಾಲ ಮುಗಿದ ಮೇಲೆ ಆಳಕ್ಕಿಳಿದು ಕೋಶವಾಗಿ, ದುಂಬಿಯಾಗಿ, ಮುಂದಿನ ಮಳೆಯ ತನಕ ಅಲ್ಲೇ ಮಲಗುತ್ತದೆ. ಊರಿನಲ್ಲಿ ಅವರೆಲ್ಲ ಮೊದಲ ಮಳೆಯ ರಾತ್ರಿ ದೀಪ ಹಿಡಿದು ಹೋಗಿ ಬೇವಿನ ಕೊಂಬೆ ಅಲುಗಿಸಿ, ಉದುರಿದ ದುಂಬಿಗಳನ್ನು ಆಯ್ದು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುತ್ತಿದ್ದರಂತೆ. ಇದನ್ನು ಕೇಳುತ್ತಿದ್ದ ನಮ್ಮ ಮಗಳು ಎದ್ದುಹೋಗಿ ಒಂದು ಬೆಂಕಿಪೊಟ್ಟಣ ತಂದಳು. ಜೂನ್ ಕೊನೆಯಲ್ಲಿ ಬೀದಿದೀಪದ ಕೆಳಗೆ ಸಿಕ್ಕಿದ ಕಂದುದುಂಬಿಯೊಂದು ಅದರಲ್ಲಿ ಒಣಗಿ ಮಲಗಿತ್ತು. “ಇದೇ ಕಣ್ ಕೂಸೇ” ಎಂದರು ತಾತ. ಸರ್ಕಾರಿ ಬೇವಿನ ಮರಗಳನ್ನು ಆ ರಾತ್ರಿಯಿಂದ ನಾವು ಬೇರೆ ಕಣ್ಣಿನಿಂದ ನೋಡತೊಡಗಿದೆವು.

ಮಾತು ತಪ್ಪಿದ್ದು ಮದ್ದಿನ ವಿಷಯಕ್ಕೆ. ಒಂದು ಹಿಡಿ ಫೋರೇಟ್ ಹರಳು ಚೆಲ್ಲಿದರೆ ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ, ತಂದುಕೊಡು ಎಂದರು. ಅದು ಬಹಳ ಕೆಟ್ಟ ವಿಷ, ಮುಟ್ಟಿದರೂ ಉಸಿರಾಡಿದರೂ ಮೈಗೆ ಹತ್ತುತ್ತದೆ, 2020ರ ಕೊನೆಯಿಂದ ನಮ್ಮ ದೇಶದಲ್ಲಿ ಅದಕ್ಕೆ ನಿಷೇಧವಿದೆ ಎಂದು ನಾವು ಸುತ್ತೋಲೆ ಓದಿದಂತೆ ಓದಿದೆವು. ಮಗು ಆಡುವ ತಾರಸಿಯೆಂದು ನಮ್ಮಾಕೆಯೂ ದನಿಗೂಡಿಸಿದಳು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಇಷ್ಟ್ ವರ್ಸ ಬರಿಗೈಲೇ ಚೆಲ್ಲಿದ್ವಲ್ಲ. ಅರಿಸಿನದ ಹೊಲಕ್ಕೆ ನಿಮ್ಮವ್ವನೂ ಚೆಲ್ಲಿದ್ಲು” ಎಂದರು. ತಮ್ಮ ಅಂಗೈಯನ್ನು ನೋಡಿಕೊಂಡರು. ನಮಗೆ ಹೇಳಲು ಏನೂ ತೋಚಲಿಲ್ಲ. ಅಂದು ರಾತ್ರಿ ಅವರು ಊಟಕ್ಕೆ ಏಳಲಿಲ್ಲ.

ಮರುವಾರ ನಾವು ಒಂದು ದಿನದ ರಜೆ ಹಾಕಿ ಅವರನ್ನು ಪೂಸಾಕ್ಕೆ ಕರೆದುಕೊಂಡು ಹೋದೆವು. ದಿಲ್ಲಿಗೆ ಬಂದವರು ಕೆಂಪುಕೋಟೆ, ಕುತುಬ್ ನೋಡಿ ಹಿಂದಿರುಗುತ್ತಾರೆ. ಹೊಲ ಕಂಡವರು ಪೂಸಾವನ್ನು ನೋಡಬೇಕು. ನಗರದ ನಡುವೆ ಗೋಧಿ, ಸಾಸಿವೆ, ತರಕಾರಿಯ ಅಷ್ಟಗಲ ಹೊಲಗಳು, ಗೂಡಿಗೆ ಮರಳುವ ಬೆಳ್ಳಕ್ಕಿಗಳು, ಸಾಲುಮರದ ರಸ್ತೆ. ತಂದೆಯವರು ಬಸ್ಸಿನಿಂದಿಳಿದೊಡನೆ ಬಾಗಿ ಒಂದು ಹೆಂಟೆ ಎತ್ತಿ ಪುಡಿಮಾಡಿ ನೋಡಿದರು. ದಿಲ್ಲಿಗೆ ಬಂದ ಮೇಲೆ ಅವರು ಏನನ್ನಾದರೂ ತಾವಾಗಿ ಮುಟ್ಟಿದ್ದು ಮಳೆಯ ದಿನ ಬಿಟ್ಟರೆ ಅಂದೇ. ಅವರ ಇನ್ನೊಂದು ಕೈಯಲ್ಲಿ ಉಪ್ಪಿನಕಾಯಿಯ ಗಾಜಿನ ಬಾಟಲಿ, ಅದರೊಳಗೆ ಮಣ್ಣು, ಎಂಟು ಗೊಣ್ಣೆಹುಳು. ಬಾಗಿಲಿನ ಕಾವಲುಗಾರ ಏನದು ಎಂದು ಹಿಂದಿಯಲ್ಲಿ ಕೇಳಿದ. ತಂದೆಯವರು ಕನ್ನಡದಲ್ಲೇ ವಿವರವಾಗಿ ಉತ್ತರ ಕೊಟ್ಟರು. ಅವನು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ತಲೆಯಾಡಿಸಿ, ಒಳಗೆ ಬಿಟ್ಟ. ಅವನೂ ಹಳ್ಳಿಯವನೇ ಇರಬೇಕು.

ಈ ಸಂಸ್ಥೆಗೆ ಪೂಸಾ ಎಂಬ ಹೆಸರು ಹೇಗೆ ಬಂತೆಂಬುದು ನಮ್ಮಂಥ ವಲಸೆಗಾರರು ಕೇಳಬೇಕಾದ ಸಂಗತಿ. ಪೂಸಾ ಎಂಬುದು ಬಿಹಾರದ ಒಂದು ಊರು. 1905ರಲ್ಲಿ ಸಂಸ್ಥೆ ಹುಟ್ಟಿದ್ದು ಅಲ್ಲಿ. 1934ರ ಭೂಕಂಪದಲ್ಲಿ ಕಟ್ಟಡ ಬಿರುಕುಬಿಟ್ಟು ಹಾಳಾಯಿತು. 1936ರಲ್ಲಿ ಸಂಸ್ಥೆಯನ್ನು ದಿಲ್ಲಿಗೆ ತಂದರು; ಊರಿನ ಹೆಸರು ಜೊತೆಗೇ ಬಂತು. ಇದನ್ನು ಹೇಳಿದಾಗ ತಂದೆಯವರು, “ಊರ ಕಟ್ಕೊಂಡೇ ಬಂದದೆ ಅನ್ನು” ಎಂದರು.

ಅಲ್ಲಿ ತಿಳಿದ ವಿಷಯಗಳಲ್ಲಿ ನಮಗೆ ಬಹಳ ಹಿಡಿಸಿದ್ದು ಹುಳುವಿನ ನಡಿಗೆ. ಗೊಬ್ಬರದಲ್ಲಿ ಕಾಣುವ ಬಿಳಿಹುಳುಗಳೆಲ್ಲ ಬೇರು ತಿನ್ನುವಂಥವಲ್ಲ. ಹೂದುಂಬಿಯ ಜಾತಿಯ ಮರಿಹುಳುಗಳು ಕೊಳೆತದ್ದನ್ನು ತಿಂದು ಗೊಬ್ಬರವನ್ನು ಪುಡಿಮಾಡುತ್ತವೆ. ಸಮನೆಲದ ಮೇಲೆ ಬಿಟ್ಟರೆ ಅವು ಅಂಗಾತ ತಿರುಗಿ ಬೆನ್ನಿನ ಮೇಲೆ ತೆವಳುತ್ತವೆ. ಬೇರು ತಿನ್ನುವ ಗೊಣ್ಣೆ ಹಾಗೆ ಮಾಡದು. ಮಗ್ಗುಲಾಗಿ ಮುದುಡಿ ಒದ್ದಾಡುತ್ತದೆ, ಕಾಲೂರಿ ಹೋಗಲು ನೋಡುತ್ತದೆ. ನಮ್ಮ ಬಾಟಲಿಯ ಎಂಟನ್ನು ಕಲ್ಲುಬೆಂಚಿನ ಮೇಲೆ ಬಿಟ್ಟೆವು. ಎರಡು ಅಂಗಾತ ಹೊರಟವು, ಆರು ಕಳ್ಳರು. ಐವತ್ತು ವರ್ಷ ಒಕ್ಕಲುತನ ಮಾಡಿದ ತಂದೆಯವರಿಗೂ ಇದು ಹೊಸದು. “ಎಲ್ಲಾನೂ ಕೊಲ್ತಿದ್ವಲ್ಲ” ಎಂದು ಆ ಎರಡನ್ನು ಮತ್ತೆ ಬಾಟಲಿಗೆ ಹಾಕಿಕೊಂಡರು.

ವಿಷವಿಲ್ಲದ ಮದ್ದುಗಳೂ ಇವೆ. ಮೆಟರೈಜಿಯಂ ಎಂಬ ಹಸಿರು ಬೂಷ್ಟು ಹುಳುವಿನ ಮೈಮೇಲೆ ಬೆಳೆದು ಅದನ್ನು ಕೊಲ್ಲುತ್ತದೆ; ಅದರ ಪುಡಿಯನ್ನು ಕಳಿತ ಗೊಬ್ಬರದಲ್ಲಿ ಕಲಸಿ, ಹತ್ತು ದಿನ ನೆರಳಿನಲ್ಲಿ ತೇವವಾಗಿಟ್ಟು, ಆಮೇಲೆ ಮಣ್ಣಿಗೆ ಸೇರಿಸಬೇಕು. ಗೊಣ್ಣೆಯನ್ನು ಹುಡುಕಿ ಒಳಹೊಕ್ಕು ಕೊಲ್ಲುವ ಕಣ್ಣಿಗೆ ಕಾಣದ ಜಂತುಗಳನ್ನು ಪುಡಿಯ ರೂಪಕ್ಕೆ ತಂದವರು ಬೆಂಗಳೂರಿನ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು. ನಮ್ಮ ಕಡೆಯವರದ್ದೆಂದು ನಮಗೆ ಸ್ವಲ್ಪ ಹೆಮ್ಮೆಯಾಯಿತು. ನಮ್ಮ ಹನ್ನೆರಡು ಕುಂಡಕ್ಕೆ ಅಷ್ಟೆಲ್ಲ ಬೇಕಾಗಲಿಲ್ಲ. ಬೂಷ್ಟಿನ ಪುಡಿ, ಬೇವಿನ ಹಿಂಡಿ, ಬಿಸಿಲು, ಕೈ ಇಷ್ಟರಲ್ಲೇ ಮುಗಿಯಿತು.

ಸೆಪ್ಟೆಂಬರ್ ಕೊನೆಗೆ ಒಂದು ಗಿಡವೂ ಉಳಿಯಲಿಲ್ಲ. ಒಂದು ಭಾನುವಾರ ಎಲ್ಲ ಕುಂಡಗಳನ್ನೂ ತಾರಸಿಯ ಮೇಲೆ ಟಾರ್ಪಾಲು ಹಾಸಿ ಸುರುವಿ, ಮಣ್ಣನ್ನು ಎರಡಂಗುಲ ದಪ್ಪಕ್ಕೆ ಹರಡಿದೆವು. ತಾತ, ಮೊಮ್ಮಗಳು ಎದುರುಬದುರು ಕುಳಿತು ಕಲ್ಲಕ್ಕಿ ಆರಿಸುವವರಂತೆ ಹುಳು ಆರಿಸಿದರು. ಅರ್ಧ ಗಂಟೆಯಲ್ಲಿ ಗೊರವಂಕಗಳಿಗೆ ಸುದ್ದಿ ಮುಟ್ಟಿತು. ನಾವು ಕಾಫಿಗೆ ಇಳಿದುಬಂದಾಗ ಅವು ನಮಗಿಂತ ಚೊಕ್ಕಟವಾಗಿ ಕೆಲಸ ಮಾಡಿದ್ದವು. ಅಕ್ಟೋಬರಿನ ಬಿಸಿಲೆಲ್ಲ ಆ ಮಣ್ಣಿಗೆ ಸಂದಿತು. ಜನವರಿಯ ಕೊನೆಯಲ್ಲಿ ಎರಡು ಪಾಲು ಮಣ್ಣು, ಒಂದು ಪಾಲು ತಣ್ಣಗಾದ ಗೊಬ್ಬರ, ಒಂದು ಪಾಲು ಮರಳು ಸೇರಿಸಿ, ಕುಂಡಕ್ಕೆ ನೂರು ಗ್ರಾಂನಷ್ಟು ಬೇವಿನ ಹಿಂಡಿ ಬೆರೆಸಿ, ತೇವ ಮಾಡಿ ಎರಡು ವಾರ ಬಿಟ್ಟೆವು.

ಉಳಿದದ್ದು ಹದಿನಾರು ಬೀಜ. ಅವನ್ನು ಊರುವ ದಿನ ನಮಗೆ ಕೈ ಬರಲಿಲ್ಲ. ತಂದೆಯವರೇ 2024ರ ಫೆಬ್ರವರಿ 10ರಂದು ಒಂದಂಗುಲ ಆಳಕ್ಕೆ ಊರಿದರು. ಒಂದೂವರೆ ವರ್ಷದ ಬೀಜ, ಒಂಬತ್ತು ಮೊಳೆತವು.

ಮಾರ್ಚ್ ಮೊದಲ ವಾರದಲ್ಲಿ, ಒಂದು ಬೆಳಿಗ್ಗೆ ನೋಡಿದರೆ ಎರಡು ಸಸಿಗಳು ಬುಡದಲ್ಲಿ ಕತ್ತರಿಸಿ ಮಲಗಿಸಿದಂತೆ ಬಿದ್ದಿವೆ. ಎಲೆಯನ್ನು ಯಾರೂ ತಿಂದಿಲ್ಲ. ನಮ್ಮಾಕೆ ಕೋತಿಯ ಮೇಲೆ ಗುಮಾನಿಪಟ್ಟಳು. ತಂದೆಯವರು ಮಾತಾಡದೆ ಬಿದ್ದ ಸಸಿಯ ಸುತ್ತ ಬೆರಳಿನಿಂದ ಮಣ್ಣು ಕೆರೆದು, ಮಸಿಬಣ್ಣದ ಒಂದು ದಪ್ಪ ಹುಳುವನ್ನು 'ಸುರುಳಿ ಸುತ್ಕೊಂಡವ್ನೆ ನೋಡು' ಎಂದು ತೋರಿಸಿದರು. ಕತ್ತರಿಹುಳು. ಹಗಲೆಲ್ಲ ಮಣ್ಣಿನಲ್ಲಿ ಅಡಗಿದ್ದು ರಾತ್ರಿ ಮೇಲೆ ಬಂದು ಬುಡ ಕಡಿಯುತ್ತದೆ. ಮಣ್ಣನ್ನು ಎಷ್ಟು ಶುದ್ಧ ಮಾಡಿದರೂ ಪತಂಗ ಹಾರಿಬಂದು ಮೊಟ್ಟೆಯಿಟ್ಟರೆ ಏನು ಮಾಡುವುದು? ಅಂದಿನಿಂದ ಎಂಟು ರಾತ್ರಿ, ಹತ್ತು ಗಂಟೆಯ ಹೊತ್ತಿಗೆ, ತಾತ-ಮೊಮ್ಮಗಳು ಬ್ಯಾಟರಿ ಹಿಡಿದು ತಾರಸಿಗೆ ಗಸ್ತು ಹೊರಡುತ್ತಿದ್ದರು. ಪರೀಕ್ಷೆ ಹತ್ತಿರವಿದೆಯೆಂದು ನಮ್ಮಾಕೆ ಗೊಣಗಿದಳು, ನಿಲ್ಲಿಸಲಿಲ್ಲ. ಐದು ಹುಳು ಸಿಕ್ಕಿದವು. ಚಹಾದ ಕಾಗದದ ಲೋಟಗಳ ತಳ ಕತ್ತರಿಸಿ, ಸಸಿಗೆ ಕೊರಳಪಟ್ಟಿಯಂತೆ ಸುತ್ತಲೂ ಒಂದಂಗುಲ ಮಣ್ಣಿನೊಳಗೆ ಇಳಿಸಿದೆವು. ನಮ್ಮ ಕಚೇರಿಯ ಕ್ಯಾಂಟೀನಿನಿಂದ ಬಂದ ಒಂದೇ ಒಂದು ಉಪಯುಕ್ತ ವಸ್ತು ಅದು. ಉಳಿದ ಏಳಕ್ಕೆ ಆಮೇಲೆ ಅಪಾಯವಾಗಲಿಲ್ಲ. ಸಣ್ಣ ಕರಿನುಸಿಗಳು ಸ್ವಲ್ಪ ದಿನ ಕಾಡಿದವು; ಮೇಲ್ಮಣ್ಣು ಒಣಗುವವರೆಗೆ ನೀರು ಹಾಕದೆ ಬಿಟ್ಟಾಗ ಹೋದವು.

ಏಪ್ರಿಲ್ ಎರಡನೆಯ ವಾರದಲ್ಲಿ ಹೂ ಬಿಟ್ಟಿತು. ಏಳೂ ಏಳು ರೀತಿ. ಒಂದು ನಮ್ಮ ಎತ್ತರ, ಒಂದು ಮಗಳ ಮೊಣಕಾಲಿನೆತ್ತರ, ಒಂದಕ್ಕೆ ಮೂರು ಕವಲು. ಹೈಬ್ರಿಡ್ ಬೆಳೆಯಿಂದ ಎತ್ತಿಟ್ಟ ಬೀಜ ಬಿತ್ತಿದರೆ ಹೀಗೆಯೇ. ತಾಯಿಯ ಕಡೆಯದು, ತಂದೆಯ ಕಡೆಯದು ಎಲ್ಲ ಬಿಚ್ಚಿಕೊಳ್ಳುತ್ತದೆ. ಬಿತ್ತನೆಗೆ ಪ್ರತಿವರ್ಷ ಹೊಸ ಬೀಜ ಕೊಳ್ಳಬೇಕಾದದ್ದು ಅದಕ್ಕೇ. ಇದು ತಂದೆಯವರಿಗೆ ಗೊತ್ತಿತ್ತು, ತಾಯಿಗೂ ಗೊತ್ತಿತ್ತು. ಆದರೂ ಪ್ರತಿ ಸುಗ್ಗಿಯಲ್ಲೂ ಒಂದು ಹಿಡಿ ಎತ್ತಿಡದೆ ಅವರಿಗೆ ಸಮಾಧಾನವಿರಲಿಲ್ಲ.

ಮೊಗ್ಗಿನಲ್ಲಿ ಗಿಡ ಸೂರ್ಯನ ಜೊತೆ ತಿರುಗುತ್ತದೆ. ಅರಳಿದ ಮೇಲೆ ಪೂರ್ವಕ್ಕೆ ಮುಖಮಾಡಿ ನಿಂತುಬಿಡುತ್ತದೆ. ನಮ್ಮ ತಾರಸಿಯ ಪೂರ್ವಕ್ಕಿರುವುದು ಕಪ್ಪು ನೀರಿನ ಟ್ಯಾಂಕುಗಳು. ಹೂ ನೋಡಲು ಮೆಟ್ಟಿಲೇರಿ ಬಂದ ನೆರೆಯವರಿಗೆ ಕಂಡದ್ದು ಏಳು ಹಸಿರು ಬೆನ್ನು. ಕುಂಡ ತಿರುಗಿಸೋಣವೆಂದ ಮಗಳಿಗೆ ತಾತ ಬೈದರು. ಬಂದವರೆಲ್ಲ ಟ್ಯಾಂಕುಗಳ ನಡುವೆ ನುಸುಳಿ ನಿಂತು ದರ್ಶನ ಪಡೆದರು. ನಮ್ಮ ತಾರಸಿಗೆ ಜೇನುಹುಳು ಬರುವುದು ಕಡಮೆ. ಆದುದರಿಂದ ತಂದೆಯವರು ದಿನ ಬಿಟ್ಟು ದಿನ ಬೆಳಿಗ್ಗೆ ಎಂಟರಿಂದ ಹನ್ನೊಂದರ ಒಳಗೆ ಮೆತ್ತನೆಯ ಪಂಚೆಯ ತುಂಡಿನಿಂದ ಒಂದು ಹೂವಿನ ಮುಖ ಸವರಿ, ಅದೇ ಬಟ್ಟೆಯಿಂದ ಇನ್ನೊಂದರ ಮುಖ ಸವರುತ್ತಿದ್ದರು. ಹೊಲದಲ್ಲೂ ಇದು ಮಾಡುವ ಕೆಲಸವೇ, ಕಾಳು ಜಳ್ಳಾಗದಿರಲೆಂದು. ಸಣ್ಣ ಮಕ್ಕಳ ಮುಖ ಒರೆಸಿದ ಹಾಗಿತ್ತು ನೋಡುವುದಕ್ಕೆ.

ಕಾಳು ಬಲಿತಾಗ ಗಿಳಿಗಳು ಬಂದವು. ಸೂರ್ಯಕಾಂತಿಗೆ ಗಿಳಿಗಿಂತ ದೊಡ್ಡ ಶತ್ರುವಿಲ್ಲ. ಊರಿನಲ್ಲಿ ತಂದೆಯವರು ಡಬ್ಬ ಬಡಿದು ಬಡಿದು ಬೆಳೆದವರು. ಇಲ್ಲಿ ಎರಡು ದೊಡ್ಡ ಹೂಗಳಿಗೆ ಬಟ್ಟೆಯ ಚೀಲ ಕಟ್ಟಿ, ಉಳಿದ ಐದನ್ನು ಹಾಗೆಯೇ ಬಿಟ್ಟು, ಕುರ್ಚಿಯನ್ನು ತಾರಸಿಗೆ ತರಿಸಿಕೊಂಡು ಕುಳಿತರು. ಗಿಳಿ ತಲೆಕೆಳಗಾಗಿ ಜೋತು ಕಾಳು ಬಿಡಿಸುವುದನ್ನು ಅಷ್ಟು ಹತ್ತಿರದಿಂದ ಅವರು ಎಂದೂ ನೋಡಿರಲಿಲ್ಲವಂತೆ. ಮಾವನವರಿಗೆ ಮಜ್ಜಿಗೆ ಒಯ್ದ ನಮ್ಮಾಕೆಗೆ, ಸದ್ದು ಮಾಡಬೇಡವೆಂದು ಕೈಸನ್ನೆ.

ಚೀಲದೊಳಗಿನ ಎರಡು ಹೂವಿನಿಂದ ನಾನೂರಕ್ಕೂ ಮೇಲೆ ಕಾಳು ಸಿಕ್ಕಿತು. ತಂದೆಯವರು ಮೊರದಲ್ಲಿ ಕೇರಿ, ಬೂದಿ ಸಿಗದ ದಿಲ್ಲಿಯಲ್ಲಿ ಒಣಬೇವಿನೆಲೆ ಹಾಕಿ, ಅದೇ ಬಿಸ್ಕತ್ತಿನ ಡಬ್ಬಿಗೆ ತುಂಬಿದರು. ಮೇ ನಡುವಿನಲ್ಲಿ ಕುಂಡದ ಮಣ್ಣನ್ನೆಲ್ಲ ಮತ್ತೆ ಹರಡಿ, ತೇವ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಇಟ್ಟಿಗೆ ಇಟ್ಟರು. ಬೇಸಿಗೆಯಲ್ಲಿ ಹೀಗೆ ಆರು ವಾರ ಬಿಟ್ಟರೆ ಒಳಗಿನ ಕಾವಿಗೆ ಹುಳು, ಮೊಟ್ಟೆ, ಕಳೆಯ ಬೀಜ ಬಹುಪಾಲು ಸಾಯುತ್ತವೆ. ಮೇ 29ರಂದು ಸಫ್ದರ್‌ಜಂಗ್‌ನಲ್ಲಿ 46.8 ಡಿಗ್ರಿ ಮುಟ್ಟಿತು. ನಾವೆಲ್ಲ ಒದ್ದೆ ಟವಲು ಹೊದ್ದು ಬಿದ್ದುಕೊಂಡಿದ್ದೆವು. ತಂದೆಯವರು ಮಾತ್ರ ಪತ್ರಿಕೆಯ ಅಂಕಿಯನ್ನು ಮೊಮ್ಮಗಳಿಂದ ಎರಡು ಸಲ ಓದಿಸಿ ಕೇಳಿ, “ಉಳಕ್ಕೆ ಸರಿಯಾಗ್ ಬಿತ್ತು” ಎಂದರು.

ಜೂನ್ ಮೊದಲ ವಾರದಲ್ಲಿ ಹೊಲ ಮಾಡುತ್ತಿರುವವರು ಫೋನು ಮಾಡಿದರು. ಊರಿನಲ್ಲಿ ಒಳ್ಳೆಯ ಮಳೆಯಾಗಿದೆ, ಹೂವು ಬರುವ ಹೊತ್ತು, ಯಾವಾಗ ಬರುತ್ತೀರಿ ಎಂದು ವಿಚಾರಿಸಿದರು. ನಾವು ಫೋನನ್ನು ತಂದೆಯವರ ಕೈಗೆ ಕೊಟ್ಟು, ಭಾನುವಾರದ ಪ್ರಶ್ನೆಗೆ ಸಿದ್ಧರಾಗಿ ಪಕ್ಕದಲ್ಲೇ ನಿಂತೆವು.

“ಬತ್ತೀನಿ, ಬತ್ತೀನಿ” ಎಂದರು ಅವರು. “ಈಗ್ಲೇ ಆಗಾಕಿಲ್ಲ ಕಣಪ್ಪ. ಮಣ್ಣ ಬಿಸ್ಲಿಗಾಕಿವ್ನಿ. ಇನ್ನೂ ಮೂರು ವಾರ ಅದೆ.”